ಅಗಲ ಗದ್ದದ ಫೋನು

ನರಾನ್‌ತೂಲ್ ಸಂತೆಯ ಕಂಟೇನರ್ ಸಾಲಿನಲ್ಲಿ
ನಮ್ಮದು ಹದಿನಾರನೆಯ ಬಾಗಿಲು.
ಒಳಗೆ ಕಲ್ಲಿದ್ದಲ ಒಲೆ,
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ನಡುವೆ ನಾನು, ಗಾಜಿನಡಿ ಸಾಲಾಗಿ ಮಲಗಿದ ಫೋನುಗಳು.
ಅಂಚೇ ಇಲ್ಲದವು ಮುಂದಿರಲಿ, ಇದು ಯಜಮಾನರ ಅಪ್ಪಣೆ.
ಇದೊಂದು ಹಿಂದೆ, ಚಾರ್ಜರುಗಳ ಸಿಕ್ಕಿನ ಪಕ್ಕ:
ಅಗಲ ಹಣೆ, ಅದಕ್ಕಿಂತ ಅಗಲ ಗದ್ದ,
ಗದ್ದದ ನಡುವೆ ಒತ್ತಿದರೆ ಟಕ್ಕೆನ್ನುವ ಗುಂಡಿ.
ಡಬ್ಬಿಯ ಮೇಲೆ ಹೊಸತು ಎಂದಿತ್ತು.
ಹೊಸತೇ. ಹುಟ್ಟುವಾಗಲೇ ಮುದಿ.

ಅವಳು ಖಂಡ್‌ಸುರೆನ್, ಜಾವ್ಖಾನ್ ಕಡೆಯವಳು,
ಹೆಸರು ಆಮೇಲೆ ರಸೀತಿಗೆ ಕೇಳಿದ್ದು.
ಕುರಿದೊಗಲ ನಿಲುವಂಗಿ, ಹುಬ್ಬಿನಿಂದ ಇಳಿಯುತ್ತಿದ್ದ ಹಿಮ.
ಅಂಚಿಲ್ಲದ್ದನ್ನು ಕೊಟ್ಟೆ.
ಕೈಗವಸು ತೆಗೆಯದೆ ತೀಡಿದಳು. ಅದು ಅಲುಗಲಿಲ್ಲ.
ಬಗ್ಗಿ ಮೂಗಿನ ತುದಿಯಿಂದ ತೀಡಿದಳು. ಅಲುಗಿತು.
"ಎಷ್ಟು ಸಲ ಅಂತ ಮೂಗು ಕೊಡಲಿ?
ಇರೋದು ಒಂದು. ಹೋದ ಚಳಿಗೆ ಅದೂ ಕಪ್ಪಗಾಗಿತ್ತು."

ಆಮೇಲೆ ಅವಳ ಕಣ್ಣು ಹಿಂದಕ್ಕೆ ಹೋಯಿತು.

ಅಲ್ಲಿಯವರೆಗೆ ಅದನ್ನು ಕಂಡವರೆಲ್ಲ ಮೂಗು ಮುರಿದವರೇ;
ಮೂಗು ಉಳಿಸಿಕೊಳ್ಳಲು ಬಂದವಳು ಇವಳೊಬ್ಬಳು.
ಗವಸಿನ ಗೆಣ್ಣಿನಿಂದ ಗುಂಡಿ ಒತ್ತಿದಳು. ಟಕ್.
ಇನ್ನೊಮ್ಮೆ. ಟಕ್.
ತಿರುಗಿಸಿ, ಬೆನ್ನು ತಟ್ಟಿ, ಸಂದಿಗೆ ಉಗುರು ಹಾಕಿ
ಮುಚ್ಚಳ ಎಬ್ಬಿಸಿ ಬ್ಯಾಟರಿ ಈಚೆಗೆ ತೆಗೆದಳು:
ದಾನದ ದನವಾದರೆ ಹಲ್ಲೆಣಿಸಬಾರದು,
ಇದು ದುಡ್ಡು ಕೊಟ್ಟು ಕೊಳ್ಳುವ ಕುದುರೆ.

"ಕೊಳ್ಳಬಹುದಾ? ಮಾರುವವನ ಹಾಗೆ ಹೇಳಬೇಡ."

ಹಾಗಾದರೆ ಕೇಳಿ, ಅಂದೆ.
ಇದರ ಬುದ್ಧಿ ನಿಧಾನ. ನೆನಪು ಗಿಡ್ಡ,
ನೂರು ಫೋಟೋ ಆದರೆ ಉಬ್ಬಸ ಬರುತ್ತದೆ.
ಕತ್ತಲಲ್ಲಿ ತೆಗೆದರೆ ಕುರಿಯೂ ಕಲ್ಲೂ ಒಂದೇ.
ಮಾಡಿದ ಕಂಪನಿಯೇ ಇದನ್ನು ಮರೆತಿದೆ;
ಎರಡು ವರ್ಷ, ಹೆಚ್ಚೆಂದರೆ ಎರಡೂವರೆ,
ಆಮೇಲೆ ಬ್ಯಾಂಕಿನ ಆ್ಯಪ್ ಬಾಗಿಲು ತೆರೆಯುವುದಿಲ್ಲ.

ಒಲೆಯ ಹಿಂದಿನಿಂದ ಯಜಮಾನರು ಕೆಮ್ಮಿದರು:
"ನಿನ್ನನ್ನು ಇಟ್ಟುಕೊಂಡಿರೋದು ಮಾರೋದಕ್ಕೋ,
ಮಾಲು ಕಾಯೋದಕ್ಕೋ?"

ಅವಳು ಕಂಪನಿಯ ಮರೆವನ್ನು ಕೇಳಿಸಿಕೊಂಡಂತಿರಲಿಲ್ಲ.
ಬ್ಯಾಟರಿಯನ್ನು ನಿಲುವಂಗಿಯ ಒಳಗೆ,
ಕಂಕುಳಿನವರೆಗೆ ಇಳಿಸಿ ಅಂಗಿ ಮುಚ್ಚಿ ನಿಂತಳು.
"ಅಕಾಲಕ್ಕೆ ಹುಟ್ಟಿದ ಮರಿಯನ್ನ ಹೀಗೇ ಇಟ್ಟುಕೊಳ್ಳೋದು.
ನನ್ನ ಗಂಡನ ಫೋನು ಚೆಂದದ್ದು, ಬೆನ್ನು ಬಿಚ್ಚೋದಿಲ್ಲ.
ಗುಡ್ಡದ ಮೇಲೆ ನಲವತ್ತು ಪಾಲು ಉಳಿದಿದೆ ಅನ್ನುತ್ತೆ,
ಅಂದು ಸಾಯುತ್ತೆ."

ಅಳೆದೂ ಸುರಿದೂ ಎಂಟು ಸಾವಿರ ಟುಗ್ರಿಕ್ ಇಳಿಸಿದಳು.
ಹಾಲಿನ ಗಟ್ಟಿಯ ಎರಡು ತುಂಡು ಮೇಜಿನ ಮೇಲಿಟ್ಟಳು,
ಅದು ಲೆಕ್ಕಕ್ಕೋ, ಕನಿಕರಕ್ಕೋ, ತಿಳಿಯಲಿಲ್ಲ.
ಅವತ್ತು ರಾತ್ರಿ ಅಗಿಯುತ್ತ ಅಂದುಕೊಂಡೆ:
ಎರಡು ವರ್ಷದ ಮಾತನ್ನು ಒಂದು ಚಳಿಗಾಲ ದಾಟಬೇಕಾದವಳಿಗೆ
ಹೇಳಿದೆನಲ್ಲ.
ಮರುಗಳಿಗೆಗೆ ಅಂದುಕೊಂಡೆ: ಹೇಳಲೇಬೇಕಿತ್ತು.
ಎರಡರಲ್ಲಿ ಯಾವುದೂ ಹಲ್ಲಿನಿಂದ ಬಿಡಲಿಲ್ಲ.

ಬಂದಳು. ಎರಡಲ್ಲ, ಒಂದೇ ವರ್ಷಕ್ಕೆ,
ಹಬ್ಬಕ್ಕೆ ಹತ್ತು ದಿನ ಮುಂಚೆ.
ಫೋನಿನ ಒಂದು ಮೂಲೆ ಕುರಿ ಕಡಿದಂತಿತ್ತು.
"ನೀನು ಸುಳ್ಳ. ಎರಡು ವರ್ಷ ಅಂದಿದ್ದೆ,
ಬ್ಯಾಂಕು ಕಳೆದ ತಿಂಗಳೇ ಬಾಗಿಲು ಹಾಕಿತು."
ವಾಪಸಿನ ಮಾತಿಗೆ ಯಜಮಾನರು ಕುರ್ಚಿ ಸರಿಸಿಕೊಂಡರು.
ಅವಳು ಗವಸಿನ ಬೆರಳು ಎತ್ತಿದಳು:
"ಇನ್ನೊಂದು ಬ್ಯಾಟರಿ ಇದೆಯಾ? ಎಡಗಂಕುಳು ಖಾಲಿ ಇದೆ."

ಗುಜರಿ ಡಬ್ಬಿಯ ತಳದಲ್ಲಿ ಒಂದು ಸಿಕ್ಕಿತು,
ಕೆರೆಯ ಮಂಜಿನಷ್ಟು ತಣ್ಣಗೆ.
ಬೆಲೆ ಹೇಳುವ ಮೊದಲೇ ನನಗರಿಯದೆ
ಅದನ್ನು ನನ್ನ ಕೋಟಿನೊಳಗೆ ಇಳಿಸಿಬಿಟ್ಟಿದ್ದೆ.

"ಬಿಸಿ ಮಾಡಿದ್ದಕ್ಕೆ ಜಾಸ್ತಿ ಕೊಡೋದಿಲ್ಲ," ಅಂದಳು.